ಗಡಿಗೆರೆಯ ಮೇಲೊಂದು ಮನೆ

ಡಕೋಟಾ, ಅಮೆರಿಕ, ಮೇ 1884

ಪ್ರೀತಿಯ ಅಪ್ಪಾ,

ನಾರ್ವೆಗೆ ವಾಪಸ್ ಬಂದುಬಿಡು ಎಂದು ಬರೆದಿದ್ದೀರಿ. ಬರಲಾರೆ. ಸರ್ಕಾರ ಪುಕ್ಕಟೆ ಕೊಡುವ ಈ ಜಮೀನು ನನ್ನದಾಗಬೇಕಾದರೆ ಐದು ವರ್ಷ ಇದರ ಮೇಲೆಯೇ ಮಲಗಿ ಏಳಬೇಕು, ಎರಡು ಮುಗಿದಿವೆ.

ಹೋದ ವರ್ಷ ಪಕ್ಕದ ಜಮೀನಿನ ಹಾಲ್ವರ್‌ನನ್ನು ಬೈದು ಬರೆದಿದ್ದೆನಲ್ಲ, ಅವನ ಎತ್ತುಗಳು ನನ್ನ ಗೋಧಿ ಮೇಯ್ದವೆಂದು? ಈಗ ಅವೇ ನನ್ನ ಹೊಲ ಉಳುತ್ತಿವೆ. ಹುಲ್ಲಿನ ಬೇರು ಸಮೇತ ಕಡಿದ ಮಣ್ಣಿನ ಹೆಂಟೆಗಳಿಂದ ಇಬ್ಬರೂ ಸೇರಿ ಒಂದೇ ಮನೆ ಕಟ್ಟಿದ್ದೇವೆ. ನಮ್ಮ ಜಮೀನುಗಳ ಗಡಿಗೆರೆ ಅದರ ನಟ್ಟನಡುವೆ ಹಾದುಹೋಗುತ್ತದೆ. ಅವನ ಮಂಚ ಅವನ ನೆಲದಲ್ಲಿ, ನನ್ನದು ನನ್ನ ನೆಲದಲ್ಲಿ. ಕಾನೂನು ಕೇಳುವುದು ಅಷ್ಟೇ ಅನ್ನುತ್ತಾನೆ ಹಾಲ್ವರ್.

ಮದುವೆಯಾದದ್ದು ಒಲೆಯ ಮುಂದೆ, ಗೆರೆಯ ಮೇಲೆ ನಿಂತು. ನಿಮಗೆ ಕೋಪ ಬರುತ್ತದೆ, ಗೊತ್ತು. ಆದರೆ ಪಾದ್ರಿ ಇಲ್ಲಿಗೆ ಬರುವುದೇ ವರ್ಷಕ್ಕೊಮ್ಮೆ. ನಿಮ್ಮ ಒಪ್ಪಿಗೆಗೆ ಕಾಯಲಾಗಲಿಲ್ಲ.

ಅಟ್ಟದ ಮೇಲಿನ ನನ್ನ ಹಾಸಿಗೆಯನ್ನು ಇನ್ನು ತಂಗಿ ಸಿಗ್ರಿಗೆ ಕೊಡಿ. ಅಜ್ಜ ಕೆತ್ತಿದ ತೊಟ್ಟಿಲನ್ನು ಮಾತ್ರ ಗೋಧಿ ಕೊಯ್ಲಿಗೆ ಮುಂಚೆ ತಲುಪುವಂತೆ ಕಳಿಸಿ.

ಅದನ್ನು ಎಲ್ಲಿಡುವುದೆಂದು ನಿನ್ನೆ ರಾತ್ರಿ ನಮ್ಮಿಬ್ಬರಲ್ಲಿ ಮಾತು ಬಂತು. "ತೊಟ್ಟಿಲು ನನ್ನ ಕಡೆ," ಎಂದೆ ನಾನು.

"ಅದು ಹೆಂಗಾಗುತ್ತೆ ಮಾರಾಯ್ತಿ?" ಎಂದ ಹಾಲ್ವರ್. "ಗೆರೆ ಮೇಲೇ ಇಡೋಣ. ತೂಗಿದಾಗೆಲ್ಲ ಎರಡೂ ಕಡೆ ಹೋಗಿ ಬರ್ತಿರುತ್ತೆ."

ನಿಮ್ಮ ಮಗಳು,
ಗುನ್ವೋರ್