ಹೆಸರಿಲ್ಲದ ಹಾಡಿನ ಚೂರುಗಳು

ವಡೋದರಾ
೨೮ ನವೆಂಬರ್ ೨೦೦೪, ಭಾನುವಾರ

ನನ್ನ ಅಮ್ಮನಿಗೆ, ಎರಡು ಕೆನ್ನೆಗೂ ಒಂದೊಂದು ಮುತ್ತು. ಕುತ್ತಿಗೆಗೆ ಬೇಡ, ಆಪರೇಷನ್ ಗಾಯ ಇನ್ನೂ ಹಸಿಯಾಗಿದೆಯಂತೆ.

ಫೋನ್ ಮಾಡಿದರೆ ಅಪ್ಪನೇ ಎತ್ತಿ, "ಅಮ್ಮ ತಲೆ ಆಡಿಸ್ತಿದ್ದಾಳೆ" ಅನ್ನುತ್ತಾರೆ. ತಲೆ ಆಡಿಸುವುದು ಸೂರತ್‌ನಿಂದ ಇಲ್ಲಿಗೆ ಕೇಳಿಸುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಹಾಸ್ಟೆಲಿನಲ್ಲಿ ಓದಿದವಳ ಕನ್ನಡ, ಕೆಂಪು ಪೆನ್ನು ಹತ್ತಿರ ಇಟ್ಟುಕೊಂಡೇ ಓದು.

ಮೊದಲು ಒಂದು ತಪ್ಪೊಪ್ಪಿಗೆ. ನಿನ್ನ ಕ್ಯಾಸೆಟ್ಟುಗಳ ಹಾಡಿನ ಚೂರುಗಳನ್ನು ಜೋಡಿಸಿ ದೀಪಾವಳಿಗೆ ತಂದುಕೊಟ್ಟ ಸಿಡಿ ಬಗ್ಗೆ "ಎಲ್ಲ ಮ್ಯಾಚ್ ಆಯ್ತು" ಅಂದಿದ್ದೆನಲ್ಲ, ಅದು ಸುಳ್ಳು. ಒಂದು ಹಾಡನ್ನೂ ಪೂರ್ತಿ ಕೇಳಿರಲಿಲ್ಲ. ಇಂಟರ್ನಲ್ ಪರೀಕ್ಷೆಯ ಟೆನ್ಷನ್ ಅಂತ ಹೇಳಬಹುದು. ಆದರೆ ನಿಜ ಅಂದರೆ ಬೋರಾಗಿತ್ತು. ಆ ಸಿಡಿ ಹಾಕಿಕೊಂಡು ನಿನ್ನ ಹಾಡಿನ ಕ್ಲಾಸಿನ ಮಕ್ಕಳು ಹಸೆ ಹಾಡಿಗೆ ತೊಟ್ಟಿಲ ಹಾಡಿನ ಬಾಲ ಸೇರಿಸಿ, ಮದುಮಗಳನ್ನು ತೊಟ್ಟಿಲಲ್ಲಿ ಮಲಗಿಸಿದರಂತೆ. ಅಪ್ಪ ಇದನ್ನು ಹೇಳಿ ಜೋರಾಗಿ ನಕ್ಕರು. ಆಮೇಲೆ ಮೆಲ್ಲಗೆ, "ಡಿಸೆಂಬರ್ ಆದ್ಮೇಲೆ ಕ್ಲಾಸ್ ನಿಲ್ಲಿಸ್ತಾಳಂತೆ ಕಣೆ" ಅಂದರು. ಒಂದು ವರ್ಷ ಹಾಡಬಾರದು ಅಂದಿದ್ದು ಡಾಕ್ಟರು. ಆದರೆ ಕ್ಲಾಸ್ ನಿಲ್ಲುವುದು ನನ್ನಿಂದ.

ಆ ಶನಿವಾರವೇ ಮತ್ತೆ ಇಲ್ಲೇ ಅಲ್ಕಾಪುರಿಗೆ, ಮೊದಲ ಸಿಡಿ ಮಾಡಿದ್ದ ಪದ್ಮನಾಭ ಅಂಕಲ್ ಮನೆಗೆ ಹೋದೆ. ಅವರ ಕಂಪ್ಯೂಟರಿನಲ್ಲಿ ಎರಡು ಸಾವಿರ ಹಾಡುಗಳಿವೆ, ಪ್ರತಿಯೊಂದಕ್ಕೂ ಹೆಸರು, ಹಾಡಿದವರು, ವರ್ಷ. ಬ್ಯಾಂಕಿನಲ್ಲಿ ಫೈಲ್ ಜೋಡಿಸಿದ ಕೈ, ರಿಟೈರ್ ಆದರೂ ಬಿಟ್ಟಿಲ್ಲ. ಅದರ ಕೊನೆಯಲ್ಲಿ ನಿನ್ನವು. ಪಾಠ ಮಾಡುವಾಗ ನೀನು ಟೇಪ್ ಒತ್ತಿಟ್ಟು ತುಂಬಿಸಿದ ಹದಿನಾಲ್ಕು ಕ್ಯಾಸೆಟ್ಟುಗಳು, ಅಲ್ಲಿ ನೂರಾ ನಲವತ್ತೊಂಬತ್ತು ಚೂರುಗಳಾಗಿ ಕೂತಿದ್ದವು. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವ ಪ್ರೋಗ್ರಾಂ ಸದ್ದು ನಿಂತಲ್ಲೆಲ್ಲ ಒಂದು ಫೈಲ್ ಕತ್ತರಿಸುತ್ತದೆ. ಹಾಡಿದವರು: ಗೊತ್ತಿಲ್ಲ. ಹಾಡು: ಗೊತ್ತಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು? ಅವೆಲ್ಲ ನಿನ್ನ ಸೋದರತ್ತೆ ಬಾಯಲ್ಲೇ ಕಲಿಸಿದ ಹಾಡುಗಳು.

ಮೊದಲ ಸಲ ನಾನು ಮಾಡಿದ್ದು ಇಷ್ಟೇ, ಫೈಲಿನಲ್ಲಿ ಮೊದಲು ಕೇಳಿದ ಸಾಲನ್ನೇ ಹಾಡಿನ ಹೆಸರಾಗಿ ಟೈಪ್ ಮಾಡಿದ್ದೆ. ಈ ಸಲವೂ ಹಾಗೇ ಶುರು ಮಾಡಿದ್ದೆ. ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಇಂದಿರಾ ಆಂಟಿ ಅಲ್ಲಿಂದಲೇ ಕೂಗಿದರು.

"ಏ ಹುಡ್ಗಿ, ಅದು ಕೊನೇ ನುಡಿ ಕಣೆ! ಬಾಲ ಹಿಡಿದು ಹಸು ಎಳೀತಾ ಇದ್ದೀಯಲ್ಲ!"

"ಅಮ್ಮ ಅದನ್ನೇ ಮೊದಲು ಹಾಡಿದ್ದಾಳೆ ಆಂಟಿ."

"ಹಾಡಿಲ್ಲ ಮಾರಾಯ್ತಿ, ಕಲಿಸಿದ್ದಾಳೆ. ಪಲ್ಲವಿ ಯಾರಿಗೂ ಮರೆಯಲ್ಲ, ಮರೆಯೋದು ಕೊನೇದು. ಅದಕ್ಕೇ ತುಂಗಾ ಕೊನೇದರಿಂದ ಹಿಂದಕ್ಕೆ ಬರ್ತಾಳೆ. ಅವಳ ಸೋದರತ್ತೆ ಪದ್ಧತಿ. ಮಗಳಾಗಿ ಇಷ್ಟೂ ಗೊತ್ತಿಲ್ವಾ ನಿಂಗೆ?"

ಗೊತ್ತಿರಲಿಲ್ಲ ಅಮ್ಮ. ಹನ್ನೊಂದು ವರ್ಷಕ್ಕೆ ಹಾಸ್ಟೆಲ್ ಸೇರಿದವಳು ರಜೆಗೆ ಬಂದಾಗಲೂ ನಿನ್ನ ಕ್ಲಾಸಿನ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಆಂಟಿ ಸೊಪ್ಪಿನ ತಟ್ಟೆ ಹಿಡಿದು ಪಕ್ಕಕ್ಕೆ ಬಂದು ಕೂತರು. ನಾಲ್ಕು ಶನಿವಾರ-ಭಾನುವಾರಗಳ ಬದಲು ಎರಡರಲ್ಲೇ ಮುಗಿದಿದ್ದು ಅವರಿಂದ. ಯಾವ ಚೂರು ಯಾವ ಹಾಡಿನದು ಅಂತ ತಿಳಿಯದಿದ್ದಾಗ ನಾನು ಹಾಡು ಬಿಟ್ಟು ಹಿಂದಿನ ಸದ್ದು ಕೇಳಿದೆ. ಫ್ಯಾಕ್ಟರಿಯಲ್ಲಿ ಪಾಳಿ ಬದಲಾಗುವ ಸೈರನ್ ಇದ್ದರೆ ಅದು ನಾವು ಮೊದಲಿದ್ದ ವಟ್ವಾದ ಮನೆ. ರೈಲಿನ ಅನೌನ್ಸ್‌ಮೆಂಟ್ ಇದ್ದರೆ ಇಲ್ಲಿ ಸ್ಟೇಷನ್ ಹಿಂದೆ ಇದ್ದ ಮನೆ. ಮಗ್ಗಗಳ ಖಟಖಟ ಇದ್ದರೆ ಸೂರತ್. ಹಾಗೆ ಮೂರು ಫೋಲ್ಡರ್ ಮಾಡಿ, ಒಳಗೆ ಬಾಲದಿಂದ ತಲೆಗೆ ಜೋಡಿಸುತ್ತಾ ಹೋದೆವು. ನಡುನಡುವೆ ನೀನು ಗದರುವುದು, ಕುಕ್ಕರ್ ಆಫ್ ಮಾಡಲು ಓಡುವುದು, ಯಾವುದೋ ಮಗು "ಆಂಟಿ, ಸುಸು" ಅನ್ನುವುದು. ನಾನಿಲ್ಲದ ನಮ್ಮ ಮನೆ ಅಷ್ಟು ವರ್ಷ ಹೇಗಿತ್ತು ಅಂತ ನನಗೆ ಗೊತ್ತಾಗಿದ್ದು ಈಗ.

ಹತ್ತೊಂಬತ್ತು ಹಾಡು ಪೂರ್ತಿ ಸಿಕ್ಕಿವೆ, ಈ ಸಲ ಕೊನೆಯವರೆಗೆ ಕೇಳಿದ್ದೇನೆ. ಹಾಡಿದವರು ಅನ್ನುವ ಕಡೆ ನೂರಾ ಇಪ್ಪತ್ತಾರು ಸಲ ತುಂಗಾ ರಘುರಾಮ ಅಂತ ಟೈಪ್ ಮಾಡಿದೆ. ಒಂದೇ ಸಲ ಮಾಡಿ ಎಲ್ಲದಕ್ಕೂ ಅಂಟಿಸಬಹುದು ಅಂತ ಅಂಕಲ್ ತೋರಿಸಿಕೊಟ್ಟರು. ನಾನೇ ಬೇಡ ಅಂದೆ. ಸಿಡಿಯನ್ನು ಈ ಕಾಗದದ ಜೊತೆಗಿಟ್ಟಿದ್ದೇನೆ. ಮಕ್ಕಳಿಗೆ ಅದು ಹಾಡಲಿ, ನೀನು ಕೈಯಲ್ಲಿ ತಾಳ ಹಾಕು, ತಪ್ಪಿದರೆ ಕಣ್ಣು ಬಿಡು. ನೀನು ಕಣ್ಣು ಬಿಟ್ಟರೆ ಹೆದರದವರು ಯಾರು? ಕ್ಲಾಸ್ ಮಾತ್ರ ನಿಲ್ಲಿಸಬೇಡ.

ನನ್ನನ್ನು ಕಾಯುತ್ತಲೇ ಇಷ್ಟೆಲ್ಲ ಕೂಡಿಟ್ಟಿದ್ದಕ್ಕೆ ಥ್ಯಾಂಕ್ಸ್ ಅನ್ನೋದು ಸಣ್ಣ ಮಾತು. ಅದಕ್ಕಿಂತ ದೊಡ್ಡದು ನನ್ನ ಕನ್ನಡದಲ್ಲಿ ಇನ್ನೂ ಇಲ್ಲ.

ನಿನ್ನ ಬಾಗಿಲು ಹಾಕಿಕೊಂಡ ಮಗಳು,
ಆಶ್ರಿತಾ

ತಾ.ಕ.: ಇಪ್ಪತ್ತಮೂರು ಫೈಲ್ ಉಳಿದವು, ಒಂದೊಂದೂ ಎಂಟು ಹತ್ತು ಸೆಕೆಂಡ್, ಒಂದೊಂದು ಸಾಲು. ಮಕ್ಕಳ ದನಿ ಯಾವುದರಲ್ಲೂ ಇಲ್ಲ. ಕಸ ಅಂತ ಡಿಲೀಟ್ ಮಾಡುವ ಮುಂಚೆ ಯಾಕೋ ಅವೆಲ್ಲ ಇದ್ದ ಒಂದೇ ಕ್ಯಾಸೆಟ್ಟನ್ನು ಹಾಕಿ ಕೇಳಿದೆ. ನೀನು ಒಂದು ಸಾಲು ಹಾಡುತ್ತೀಯ, ಸುಮ್ಮನಾಗುತ್ತೀಯ, ಯಾರೋ ತಿರುಗಿ ಹಾಡಿದರೇನೋ ಅನ್ನುವಷ್ಟು ಹೊತ್ತು ಕಾಯುತ್ತೀಯ. ಆಮೇಲೆ "ಹ್ಞಾ, ಚೆನ್ನಾಗಿದೆ" ಅಂದು ಮುಂದಿನ ಸಾಲು. ಡಬ್ಬಿಯ ಮೇಲೆ ಜೂನ್ ೧೯೯೭ ಅಂತಿದೆ. ಹಾಸ್ಟೆಲಿಗೆ ಕ್ಯಾಸೆಟ್ ಕಳಿಸಬೇಡ, ಹುಡುಗಿಯರು ನಗ್ತಾರೆ ಅಂತ ಆ ತಿಂಗಳು ನಿನಗೆ ಬರೆದವಳು ನಾನೇ. ಸಿಡಿಯ ಕೊನೆಯಲ್ಲಿ ಅದನ್ನು ಕತ್ತರಿಸದೆ ಹಾಕಿದ್ದೇನೆ, ನೀನು ಬಿಟ್ಟ ಜಾಗಗಳಲ್ಲಿ ನಾನು ಹಾಡಿದ್ದೇನೆ. ಶ್ರುತಿ ಎಲ್ಲೆಲ್ಲೋ ಹೋಗಿದೆ, ಮಕ್ಕಳಿಗೆ ಕೇಳಿಸಬೇಡ.