ಚಪ್ಪರದಲ್ಲಿ ಒಡೆದ ಕಂಡೆನ್ಸರ್

ರೀ,

ನಾನು ಬೆಳಗಿನ ಬಸ್ಸಿಗೆ ತವರೂರು ತ್ಯಾವಣಿಗೆಗೆ ಹೊರಟೆ. ನಿಮ್ಮನ್ನು ಎಬ್ಬಿಸಿದ್ದರೆ ಮತ್ತೆ ಕಂಡೆನ್ಸರ್ ಪುರಾಣ ಶುರುವಾಗುತ್ತಿತ್ತು, ಅದಕ್ಕೇ ಈ ಚೀಟಿ.

ರೊಟ್ಟಿ ಬುಟ್ಟಿಯಲ್ಲಿದೆ, ಪಲ್ಯ ಬಿಸಿ ಮಾಡಿಕೊಳ್ಳಿ. ಸ್ಟೌವ್ ಬಿಚ್ಚಲು ಹೋಗಬೇಡಿ, ಚೆನ್ನಾಗಿಯೇ ಉರಿಯುತ್ತಿದೆ.

ನನ್ನ ತಂಗಿ ನೀಲಾಳ ನಿಶ್ಚಿತಾರ್ಥಕ್ಕೆ ನಮ್ಮದೇ ಮೈಕ್‌ಸೆಟ್ ಆಗಬೇಕೆಂದು ಹಟ ಹಿಡಿದವರು ನೀವು. ಆಂಪ್ಲಿಫೈಯರಿಗೆ ಸಂತೆಯಲ್ಲಿ ಸಿಕ್ಕ ಅಗ್ಗದ ಕಂಡೆನ್ಸರ್ ಹಾಕುವಾಗ ಬೇಡವೆಂದೆ. "ಎಲ್ಲಾ ಒಂದೇ ಕಣೇ, ಹೆಸರಷ್ಟೇ ಬ್ಯಾರೆ" ಅಂದಿರಿ. ಮೊನ್ನೆ ವರನ ದೊಡ್ಡಪ್ಪ ವಿರೂಪಾಕ್ಷಪ್ಪನವರು ಮೈಕ್ ಹಿಡಿದು "ಈ ಸಂಬಂಧ" ಎನ್ನುವಷ್ಟರಲ್ಲಿ ಆ ಕಂಡೆನ್ಸರ್ ಢಮಾರ್ ಎಂದಿತು. ಚಪ್ಪರದ ತುಂಬ ಹೊಗೆ.

"ಅಪಶಕುನ! ಏಳ್ರಿ ಎಲ್ಲಾ" ಎಂದು ಅವರು ಚಪ್ಪಲಿ ಹುಡುಕತೊಡಗಿದರು. ನೀವು ಆಂಪ್ಲಿಫೈಯರ್ ಪೆಟ್ಟಿಗೆಯೊಳಗೆ ತಲೆ ಹುದುಗಿಸಿ ಕೂತಿದ್ದಿರಿ, ಮುಂದಿನದನ್ನು ನೋಡಲಿಲ್ಲ. ನಮ್ಮ ನೀಲಾ ಒಳಗಿನಿಂದ ಬಂದು, "ದೊಡ್ಡಪ್ಪಾರೆ, ಒಡೆದಿರೋದು ಕಂಡೆನ್ಸರ್ರು. ನಾನು ಗಟ್ಟಿ ಅದೀನಿ" ಅಂದಳು. ಮೊದಲು ನಕ್ಕವನು ಹುಡುಗ. ದೊಡ್ಡವರು ಮಾತ್ರ ನಗದೆ, ಯೋಚಿಸಿ ಹೇಳುತ್ತೇವೆಂದು ಎದ್ದು ಹೋದರು.

ಅವರು ಒಪ್ಪಿದ್ದಾರೆಂದು ನಿನ್ನೆ ಸಂಜೆ ಅಣ್ಣ ಹೇಳಿಕಳಿಸಿದ್ದಾನೆ. ಇವತ್ತು ಸಂಜೆ ತಾಂಬೂಲ. "ಅಳಿಯಂದಿರು ಬರ್ಲಿ, ಪೆಟ್ಟಿಗೆ ಮಾತ್ರ ತರಾದು ಬ್ಯಾಡ ಅನ್ರಿ" ಎಂಬುದು ವಿರೂಪಾಕ್ಷಪ್ಪನವರ ಒಂದೇ ಷರತ್ತು.

ನಾಚಿಕೆಯಾಗುತ್ತದೆಂದು ಮನೆಯಲ್ಲೇ ಕೂರಬೇಡಿ. ಸುಟ್ಟ ಬೆರಳಿಗೆ ಮುಲಾಮು ಹಚ್ಚಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿ. "ಭಾವ ಬರೋತನಕ ನಾನು ಹೊರಗೆ ಬರಲ್ಲ" ಎಂದು ನೀಲಾ ಅಣ್ಣನಿಗೆ ಹೇಳಿದ್ದಾಳಂತೆ.

ಮಂಗಳ