ದೊಡ್ಡಮಾದಮ್ಮನ ವಸಡು

ಉಮ್ಮತ್ತೂರು

ಪ್ರೀತಿಯ ಅತ್ತೆ,

ನಿಮ್ಮ ಸೊಸೆ ಚೆನ್ನಾಗಿದ್ದಾಳೆ. ಇಲ್ಲಿಯ ನೀರು ಒಗ್ಗಿದೆ, ಕೆಮ್ಮೂ ನಿಂತಿದೆ.

ವಸಡಿನ ರೋಗಾಣುಗಳ ಸಂಶೋಧನೆಗೆಂದು ಊರವರ ಬಾಯಿಂದ ಮಾದರಿ ತೆಗೆಯುತ್ತಿದ್ದೇನೆ. ದೊಡ್ಡಮಾದಮ್ಮ ಎಂಬ ಅಜ್ಜಿ ಬಾಯಿಗೆ ಸೆರಗು ಹಿಡಿದೇ ಮಾತಾಡುತ್ತಿದ್ದರು. ವಾಸನೆಗೆ ಮೊಮ್ಮಗಳು ಹತ್ತಿರವೇ ಸುಳಿಯುತ್ತಿರಲಿಲ್ಲವಂತೆ. ಅವರ ವಸಡಿನ ಕೊಳೆಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಹಾವಿನ ಮರಿಗಳಂತೆ ಈಜುತ್ತಿದ್ದ ಜೀವಿಗಳನ್ನು ಕಂಡು, "ಅಯ್ಯೋ, ನನ್ ಬಾಯೊಳ್ಗೆ ಇರಾದು ಇವೇಯಾ? ಯಾವ್ದೋ ಪಾಪ ಸುತ್ಕಂಡದೆ ಅಂದ್ಕಂಡಿದ್ನಲ್ಲವ್ವಾ!" ಎಂದು ಅತ್ತೇಬಿಟ್ಟರು. ನಮ್ಮ ತಂಡದ ದಂತವೈದ್ಯೆ ವಸಡಿನ ಒಳಗೆಲ್ಲ ಶುಚಿ ಮಾಡಿ ಔಷಧ ಕೊಟ್ಟರು.

ಇವತ್ತು ಮತ್ತೆ ಹೋದಾಗ ಮೊಮ್ಮಗಳು ಅಜ್ಜಿಯ ತೊಡೆಯೇರಿ ಕುಳಿತಿದ್ದಳು. "ಬಾಯ್ ಬುಡಜ್ಜಿ, ಉಳ ಎಲ್ಲಾ ಓದ್ವಾ ನೋಡ್ತೀನಿ" ಎಂದು ಗಲ್ಲ ಹಿಡಿದು ಇಣುಕುತ್ತಿದ್ದಳು. ಅಜ್ಜಿಗೆ ನಗು ತಡೆಯಲಾಗಲಿಲ್ಲ.

ಅತ್ತೆ, ಹಲ್ಲುಜ್ಜುವಾಗ ನಿಮಗೂ ರಕ್ತ ಬರುವುದನ್ನು ನೋಡಿದ್ದೇನೆ. ಫೋನಿನಲ್ಲಿ ಹೇಳಿದರೆ ಮಾತು ಮರೆಸುತ್ತೀರಿ, ಅದಕ್ಕೇ ಈ ಕಾರ್ಡು. ಈ ವಾರವೇ ಡಾಕ್ಟರಿಗೆ ತೋರಿಸಿ. ನಾನು ಬಂದ ಮೇಲೆ ಇಬ್ಬರೂ ಜೊತೆಗೆ ಕೂತು ಕೋಡುಬಳೆ ಕಡಿಯಬೇಕು.

ಚಾಮರಾಜನಗರದ ಬಸ್ಸು ಬಂತು, ಇದನ್ನು ಅಲ್ಲೇ ಅಂಚೆಗೆ ಹಾಕುತ್ತೇನೆ.

ನಿಮ್ಮ
ವಾರಿಜ